ಮಲ್ಲೇಶ್ವರದ ದಾರಿಯನ್ನೂ ತೆರೆಯಿರಿ: ಅರಣ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಅರಣ್ಯ ಸಚಿವರಿಗೆ,

ನಮಸ್ಕಾರ.

ಕುದುರೆಮುಖ ಶಿಖರಕ್ಕೆ ದಿನಕ್ಕೆ 300 ಜನ ಮಾತ್ರ, ಅದೂ ಆನ್‌ಲೈನ್‌ನಲ್ಲಿ ಟಿಕೆಟ್ ತೆಗೆದವರು ಮಾತ್ರ ಅಂತ ನಿಮ್ಮ ಇಲಾಖೆ ಮಿತಿ ಹಾಕಿದೆ. ಒಳ್ಳೆಯದೇ ಆಯಿತು. 2024ರ ಜನವರಿಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜನ ಜಾತ್ರೆಯ ಹಾಗೆ ಸಾಲುಗಟ್ಟಿ ನಿಂತ ವಿಡಿಯೊ ನೋಡಿದವರಿಗೆ ಈ ಮಿತಿ ಯಾಕೆ ಬೇಕಿತ್ತು ಅಂತ ಯಾರೂ ಬಿಡಿಸಿ ಹೇಳಬೇಕಿಲ್ಲ. ಮಿತಿ ಸಡಿಲಿಸಿ ಅಂತ ಕೇಳುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ಮಳೆಗಾಲದಲ್ಲಿ ಅದನ್ನು ಇನ್ನೂ ಇಳಿಸಿ, ಅದೇ ಹೊತ್ತಿಗೆ ಜನ ಕಾಲಿಡದ ಇನ್ನೊಂದು ದಾರಿಯನ್ನು, ಹಳೇ ಕಬ್ಬಿಣದ ಗಣಿಯ ಟೌನ್‌ಶಿಪ್ ಇರುವ ಮಲ್ಲೇಶ್ವರದ ದಾರಿಯನ್ನು, ತೆರೆಯಿರಿ ಅಂತ ಕೇಳುತ್ತಿದ್ದೇನೆ.

ಮೊದಲು ಶಿಖರದ ಮಾತು. ಬಾಳೆಗಲ್ಲಿನಿಂದ ಜೀಪಿನಲ್ಲಿ ಮುಳ್ಳೋಡಿಗೆ ಹೋಗಿ, ಅಲ್ಲಿಂದ ನಡೆದು, ಒಂಟಿಮರ ದಾಟಿ, ಲೋಬೋ ಮನೆಯ ಪಾಳುಗೋಡೆ ನೋಡಿಕೊಂಡು ತುದಿ ಮುಟ್ಟುವ ದಾರಿ ನಮ್ಮ ಕಡೆಯ ಎಲ್ಲರಿಗೂ ಗೊತ್ತು. ಹತ್ತಿರಹತ್ತಿರ 1,900 ಮೀಟರ್ ಎತ್ತರ. ಮೇಲೆ ಪೂರ್ತಿ ಹುಲ್ಲುಗಾವಲು, ಬೆಟ್ಟದ ಮಡಿಕೆಗಳಲ್ಲಿ ಶೋಲಾ ಅನ್ನುವ ಕುಳ್ಳು ಮರಗಳ ದಟ್ಟ ಕಾಡು. ಬೇಸಿಗೆಯಲ್ಲಿ ಬೆಂಕಿಯ ಭಯಕ್ಕೆ ನೀವು ದಾರಿ ಮುಚ್ಚುತ್ತೀರಿ, ಅದು ಸರಿ. ಆದರೆ ಜನ ಅತಿ ಜಾಸ್ತಿ ಬರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಹಸಿರು, ಮಂಜು, ಫೋಟೊ. ಮಣ್ಣು ಅತಿ ಮೆತ್ತಗಿರುವುದೂ ಆಗಲೇ ಅಲ್ವಾ? ಹುಲ್ಲಿನ ಬೇರು ಹಿಡಿದಿಟ್ಟ ಮಣ್ಣನ್ನು ನೂರಾರು ಬೂಟು ತುಳಿದರೆ ದಾರಿ ಹಳ್ಳವಾಗುತ್ತದೆ. ಹಳ್ಳದಲ್ಲಿ ಕಾಲು ಜಾರುತ್ತದೆ ಅಂತ ಜನ ಪಕ್ಕದ ಹುಲ್ಲಿಗೆ ಕಾಲಿಡುತ್ತಾರೆ. ಅಲ್ಲೂ ಹಳ್ಳವಾಗುತ್ತದೆ. ಒಂದು ಕಾಲ್ದಾರಿ ಹೀಗೇ ಮೂರಾಗುತ್ತದೆ. ಮಳೆಗಾಲಕ್ಕೂ ಚಳಿಗಾಲಕ್ಕೂ ಒಂದೇ 300 ಅನ್ನುವ ಲೆಕ್ಕ ಯಾಕೆ ಅಂತ ನನಗೆ ಅರ್ಥವಾಗಿಲ್ಲ.

ಇಳಿಸಿ ಅಂತ ಹೇಳುವುದು ಸುಲಭ. ಜೀಪ್ ಓಡಿಸುವವರು, ಮನೆಯಲ್ಲಿ ಊಟ ವಸತಿ ಕೊಡುವವರು, ಗೈಡ್ ಆಗಿ ಬರುವ ಹುಡುಗರು ನಾಲ್ಕು ಕಾಸು ನೋಡುವುದು ಆ ಮಳೆಯ ತಿಂಗಳುಗಳಲ್ಲೇ. ರಾಷ್ಟ್ರೀಯ ಉದ್ಯಾನದೊಳಗೆ ಉಳಿದವರಿಗೆ ರಸ್ತೆ ಕೇಳಿದರೂ ಕಾನೂನು ಅಡ್ಡ, ಕರೆಂಟ್ ಕೇಳಿದರೂ ಕಾನೂನು ಅಡ್ಡ. ಇರುವ ಒಂದು ಸಂಪಾದನೆಯನ್ನೂ ಕಿತ್ತುಕೊಂಡರೆ ಅವರು ಕಾಡಿನ ಪರ ನಿಲ್ಲಲಿ ಅಂತ ನಾವು ಯಾವ ಬಾಯಲ್ಲಿ ಹೇಳುವುದು? ಅದಕ್ಕೇ ಇನ್ನೊಂದು ದಾರಿ ಬೇಕು ಅನ್ನುತ್ತಿರುವುದು. ಅದು ಹೊಸ ಕಾಡು ಕಡಿದು ಮಾಡುವ ದಾರಿಯಲ್ಲ. ಆಗಲೇ ಅಗೆದು ಹಾಕಿರುವ ನೆಲದ ಮೇಲಿನ ದಾರಿ. ಮಲ್ಲೇಶ್ವರದ ದಾರಿ.

ಕಾರ್ಕಳದಿಂದ ಕಳಸಕ್ಕೆ ಹೋಗುವವರು ಮಲ್ಲೇಶ್ವರದಲ್ಲಿರುವ ಕುದುರೆಮುಖ ಟೌನ್‌ಶಿಪ್ಪನ್ನು ಕಾರಿನ ಕಿಟಕಿಯಿಂದ ನೋಡಿ ಮುಂದೆ ಹೋಗುತ್ತಾರೆ. ಒಂದು ಕಾಲದಲ್ಲಿ ಆಸ್ಪತ್ರೆ, ಶಾಲೆ, ಕ್ವಾರ್ಟರ್ಸ್ ಎಲ್ಲ ಇದ್ದ ಊರು. ಈಗ ಎಷ್ಟೋ ಮನೆಗಳ ಮೇಲೆ ಪಾಚಿ, ಒಳಗೆ ಗಿಡ. ಆರೇಳು ಸಾವಿರ ಮಿಲಿಮೀಟರ್ ಮಳೆ ಬೀಳುವ ಜಾಗದಲ್ಲಿ ನೋಡಿಕೊಳ್ಳುವವರಿಲ್ಲದ ಕಟ್ಟಡ ಎಷ್ಟು ವರ್ಷ ನಿಂತೀತು? ಇನ್ನೂ ತಡ ಮಾಡಿದರೆ ತೋರಿಸುವುದಕ್ಕೆ ಗೋಡೆಯೂ ಉಳಿಯುವುದಿಲ್ಲ.

ಇಲ್ಲಿ ನಡೆದ ಕಥೆ ಸಣ್ಣದಲ್ಲ. ಈ ಬೆಟ್ಟದಲ್ಲಿ ಕಬ್ಬಿಣದ ಅದಿರಿದೆ ಅಂತ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಗುರುತಿಸಿದ್ದು ಇಪ್ಪತ್ತನೇ ಶತಮಾನದ ಶುರುವಿನಲ್ಲೇ. ಅದನ್ನು ಅಗೆಯುವುದಕ್ಕೆ ಕುದುರೆಮುಖ ಕಬ್ಬಿಣದ ಅದಿರು ಕಂಪನಿ (ಕೆಐಒಸಿಎಲ್) ಹುಟ್ಟಿದ್ದು 1976ರಲ್ಲಿ, ಇರಾನಿನ ಷಾ ಸರ್ಕಾರದ ಸಾಲದ ಭರವಸೆಯ ಮೇಲೆ. ಅದಿರನ್ನೂ ಅವರೇ ಕೊಳ್ಳಬೇಕಿತ್ತು. ಗಣಿ ಸಿದ್ಧವಾಗುವ ಹೊತ್ತಿಗೆ ಇರಾನಿನಲ್ಲಿ ಕ್ರಾಂತಿಯಾಯಿತು, ಷಾ ದೇಶ ಬಿಟ್ಟರು, ಕೊಳ್ಳುವವರು ಕೈಕೊಟ್ಟರು. ತೆಹ್ರಾನಿನ ಬೀದಿಯಲ್ಲಿ ನಡೆದ ಗಲಾಟೆಯ ಬಿಸಿ ಮೂಡಿಗೆರೆ ತಾಲ್ಲೂಕಿನ ಒಂದು ಬೆಟ್ಟಕ್ಕೆ ತಟ್ಟಿತ್ತು ಅನ್ನುವುದು ನಮ್ಮ ಎಷ್ಟು ಮಕ್ಕಳಿಗೆ ಗೊತ್ತು?

ಅದಿರಿನದ್ದೇ ಇನ್ನೊಂದು ಕಥೆ. ಇಲ್ಲಿನ ಮ್ಯಾಗ್ನಟೈಟ್ ಅನ್ನುವ ಅದಿರಿನಲ್ಲಿ ಕಬ್ಬಿಣ ಶೇ 40ಕ್ಕಿಂತ ಕಡಿಮೆ. ಹಾಗೇ ಮಾರುವಂತಿಲ್ಲ. ಕಲ್ಲನ್ನು ಪುಡಿ ಮಾಡಿ, ಕಬ್ಬಿಣ ಬೇರೆ ಮಾಡಿ, ನೀರಲ್ಲಿ ಕಲಸಿ, 67 ಕಿಲೋಮೀಟರ್ ಪೈಪಿನಲ್ಲಿ ಘಟ್ಟ ಇಳಿಸಿ ಮಂಗಳೂರಿನ ಪಣಂಬೂರಿಗೆ ಕಳಿಸುತ್ತಿದ್ದರು. ಉಳಿದ ಕೆಸರು ಎಲ್ಲಿಗೆ ಹೋಗಬೇಕು? ಅದಕ್ಕಾಗಿ ಲಕ್ಯಾ ಹೊಳೆಗೆ ನೂರು ಮೀಟರ್ ಆಸುಪಾಸಿನ ಎತ್ತರದ ಅಣೆಕಟ್ಟು ಕಟ್ಟಿದರು. ಇಂಜಿನಿಯರಿಂಗ್ ಅಂತ ನೋಡಿದರೆ ಸಾಹಸವೇ. ಆದರೆ ಮಳೆ ಬಂದಾಗ ಗಣಿಯ ಮಣ್ಣು ಭದ್ರೆಗೆ ಇಳಿಯುತ್ತಿತ್ತು. ಭದ್ರೆಯ ನೀರು ಲಕ್ಕವಳ್ಳಿ ಜಲಾಶಯಕ್ಕೆ, ಅಲ್ಲಿಂದ ದಾವಣಗೆರೆಯ ಗದ್ದೆಗೆ. ಹೀಗಾಗಿ ಇದು ಬರೀ ಮಲೆನಾಡಿನ ಜಗಳ ಆಗಿರಲಿಲ್ಲ.

1987ರಲ್ಲಿ ಈ ಕಾಡನ್ನು ರಾಷ್ಟ್ರೀಯ ಉದ್ಯಾನ ಮಾಡಲು ಹೊರಟಾಗ ಮುಖ್ಯ ಕಾರಣ ಸಿಂಗಳೀಕ. ಗಣಿ ಗುತ್ತಿಗೆ 1999ರಲ್ಲಿ ಮುಗಿಯಿತು, ಆದರೂ ಅಗೆತ ನಿಲ್ಲಲಿಲ್ಲ. ಚಳವಳಿ ನಡೆಯಿತು. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪ ಅವರ ಹೆಸರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ವಾದ ನಡೆಯಿತು. 2002ರ ಅಕ್ಟೋಬರ್‌ನಲ್ಲಿ ತೀರ್ಪು ಬಂತು. 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು.

ಇಷ್ಟೆಲ್ಲ ನಡೆದ ಜಾಗದಲ್ಲಿ ಹೊರಗಿನಿಂದ ಬಂದವರಿಗೆ ಅದನ್ನು ಹೇಳುವ ಏರ್ಪಾಡು ಇಲ್ಲ. ಸಾವಿರಾರು ಜನರ ಕೆಲಸ ಹೋಯಿತು, ಒಂದು ಊರೇ ಖಾಲಿಯಾಯಿತು. ಇನ್ನೊಂದು ಕಡೆ ಒಂದು ಕಾಡು ಉಳಿಯಿತು. ಗೆದ್ದವರ ಮಾತು, ಸೋತವರ ಮಾತು ಎರಡೂ ಅಲ್ಲಿ ಕೇಳಿಸಬೇಕು. ನನ್ನನ್ನು ಕೇಳಿದರೆ ಗಣಿ ನಿಂತಿದ್ದು ಸರಿ. ಆದರೆ ಕ್ವಾರ್ಟರ್ಸ್‌ನಲ್ಲಿ ಹುಟ್ಟಿ ಬೆಳೆದು, ಈಗ ಬೇರೆ ಊರಲ್ಲಿರುವ ಸ್ನೇಹಿತರ ಹತ್ತಿರ ಅದನ್ನು ಜಂಬದಿಂದ ಹೇಳುವುದಕ್ಕೆ ಬಾಯಿ ಬರುವುದಿಲ್ಲ.

ನಾನು ಕೇಳುತ್ತಿರುವುದು ಇಷ್ಟೇ. ಟೌನ್‌ಶಿಪ್ಪಿನಿಂದ ಹೊರಟು, ಗಣಿಯವರ ಹಳೇ ರಸ್ತೆಯಲ್ಲೇ ನಡೆದು, ಮೆಟ್ಟಿಲು ಮೆಟ್ಟಿಲಾಗಿ ಕಡಿದ ಬೆಟ್ಟವನ್ನು ದೂರದಿಂದ ನೋಡಿ, ಲಕ್ಯಾ ಕಾಣುವ ಒಂದು ಜಾಗದವರೆಗೆ ಹೋಗಿ ವಾಪಸ್ ಬರುವ ಅರ್ಧ ದಿನದ ನಡಿಗೆ. ಸ್ಥಳೀಯ ಗೈಡ್ ಕಡ್ಡಾಯ. ಗಣಿಯಲ್ಲಿ ದುಡಿದವರು ಯಾರಾದರೂ ಬರಲು ಒಪ್ಪಿದರೆ ಮೊದಲ ಅವಕಾಶ ಅವರಿಗೆ. ವಯಸ್ಸಾದವರು, ಶಾಲೆ ಮಕ್ಕಳು, ಮಂಡಿ ನೋವಿನ ಅಪ್ಪ ಅಮ್ಮಂದಿರು ಕೂಡ ನಡೆಯಬಹುದಾದ ದಾರಿ ಇದು. ಶಿಖರಕ್ಕೆ ಟಿಕೆಟ್ ಸಿಗದವರಿಗೆ ಅದೇ ಪೋರ್ಟಲ್‌ನಲ್ಲಿ ಇದೂ ಕಾಣಲಿ. ಎಲ್ಲರೂ ಬರುವುದಿಲ್ಲ, ಗೊತ್ತು. ರೀಲ್ಸ್‌ಗಾಗಿ ಬರುವವರಿಗೆ ತುಕ್ಕು ಬಣ್ಣದ ಬೆಟ್ಟ ಯಾಕೆ ಬೇಕು? ಬೇಕಾದವರು ಬಂದರೆ ಸಾಕು.

ಲಕ್ಯಾ ಹತ್ತಿರಕ್ಕೆ ಯಾರನ್ನೂ ಬಿಡಬೇಡಿ. ಅಷ್ಟು ಕೆಸರು ತುಂಬಿಕೊಂಡು ನಿಂತ ಗೋಡೆ ಅದು, ಪಿಕ್ನಿಕ್ ಜಾಗವಲ್ಲ. ಅದರ ಸುರಕ್ಷತೆಯ ವರದಿಗಳನ್ನು ಕೆಳಗಿನ ಊರುಗಳ ಜನ ಓದುವ ಹಾಗೆ ಕನ್ನಡದಲ್ಲಿ ಪ್ರಕಟಿಸಿ. ನಡಿಗೆಯ ದಾರಿ ಆಗಲಿ ಬಿಡಲಿ, ಇದು ಆಗಲೇಬೇಕು.

ಇನ್ನೊಂದು ಮಾತು, ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಈ ಪತ್ರ ಓದಿ ಯಾರಾದರೂ ರೋಪ್‌ವೇ, ಗಾಜಿನ ಸೇತುವೆ, ರೆಸಾರ್ಟ್ ಅಂತ ಫೈಲ್ ತಂದರೆ ದಯವಿಟ್ಟು ವಾಪಸ್ ಕಳಿಸಿ. ಗಣಿಯನ್ನು ನಿಲ್ಲಿಸಿದ್ದು ಹೋಟೆಲ್ ಕಟ್ಟುವುದಕ್ಕಲ್ಲ. ಇರುವ ಹತ್ತಾರು ಕಟ್ಟಡಗಳಲ್ಲಿ ಒಂದೆರಡನ್ನು ರಿಪೇರಿ ಮಾಡಿದರೆ ಮಾಹಿತಿ ಕೇಂದ್ರಕ್ಕೆ ಧಾರಾಳವಾಯಿತು. ಉಳಿದವುಗಳಲ್ಲಿ ಯಾವುದನ್ನು ಇಳಿಸಬೇಕು, ಯಾವುದನ್ನು ಕಾಡಿಗೆ ಬಿಡಬೇಕು ಅನ್ನುವುದನ್ನು ತಿಳಿದವರು ಹೇಳಲಿ.

ದುಡ್ಡು ಎಲ್ಲಿಂದ ಅಂತ ಕೇಳಬಹುದು. ಕುದುರೆಮುಖದ ಬಾಬ್ತು ಕಂಪನಿಯಿಂದ ಸಾವಿರದ ಮುನ್ನೂರು ಕೋಟಿಗೂ ಹೆಚ್ಚು ಬರಬೇಕಿದೆ, ಅದು ಕಟ್ಟುವವರೆಗೆ ಸಂಡೂರಿನ ದೇವದಾರಿಯಲ್ಲಿ ಅದೇ ಕಂಪನಿಗೆ ಗಣಿಗಾಗಿ ಅರಣ್ಯ ಜಮೀನು ಕೊಡಬೇಡಿ ಅಂತ 2024ರ ಜೂನ್‌ನಲ್ಲಿ ನಿಮ್ಮ ಇಲಾಖೆಯೇ ಹೇಳಿತ್ತು. ಅದರಲ್ಲಿ ಎಷ್ಟು ಬರುತ್ತದೋ, ಯಾವಾಗ ಬರುತ್ತದೋ, ಕಂಪನಿಯ ವಾದ ಏನೋ, ಅದು ನಿಮ್ಮಿಬ್ಬರ ವ್ಯವಹಾರ. ಬಂದ ದಿನ ಅದರ ಒಂದು ಪಾಲು ಬೆಂಗಳೂರಿನ ಖಜಾನೆಯಲ್ಲಿ ಕರಗದೆ ಇದೇ ಬೆಟ್ಟಕ್ಕೆ, ಇದೇ ಊರುಗಳಿಗೆ ಬರಲಿ. ಅಲ್ಲಿಯವರೆಗೆ ಕಾಯಬೇಕಾಗಿಯೂ ಇಲ್ಲ. ಶಿಖರದ ಟಿಕೆಟ್ಟಿನ ಹಣದಲ್ಲೇ ಎರಡು ಕೋಣೆ, ನಾಲ್ಕು ಫಲಕ, ಹತ್ತು ಗೈಡ್‌ಗಳ ತರಬೇತಿ ಶುರುಮಾಡಬಹುದು.

ಮುಂದಿನ ಮಳೆಗಾಲದ ಬುಕಿಂಗ್ ತೆರೆಯುವ ಮೊದಲು ಎರಡು ಆದೇಶ ಹೊರಡಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಿಖರದ ಸಂಖ್ಯೆ ಎಷ್ಟಿರಬೇಕು ಅಂತ ಮಣ್ಣು ಬಲ್ಲವರಿಂದ ಹೇಳಿಸಿ ಹೊಸ ಮಿತಿ ಹಾಕಿ. ಮಲ್ಲೇಶ್ವರದ ನಡಿಗೆಯ ಸಾಧ್ಯತೆ ನೋಡಲು ಒಂದು ಸಮಿತಿ ಮಾಡಿ. ಅದರಲ್ಲಿ ವನ್ಯಜೀವಿ ತಜ್ಞರ ಜೊತೆ ಸಂಸೆ, ಮುಳ್ಳೋಡಿ, ನೆಲ್ಲಿಬೀಡಿನ ಜನರೂ ಇರಲಿ. ಅದರ ಸಭೆ ಕಳಸದಲ್ಲಿ ನಡೆಯಲಿ, ವಿಕಾಸಸೌಧದಲ್ಲಿ ಬೇಡ.

ಇಂತಿ,
ಕಳಸ ಸೀಮೆಯ ಒಬ್ಬ ಚಾರಣಿಗ