ಮಗಳಿಗೊಂದು ಪತ್ರ: ಒಂದು ಬಕೆಟ್ ಮದ್ದು

ತಂಗೀ,

ಮೈಲುತುತ್ತದ (ಕಾಪರ್ ಸಲ್ಫೇಟ್) ಚೀಲ ತಂದಿಟ್ಟ ಮೂಲೆಯಲ್ಲೇ ಇದೆ, ಬಾಯಿ ಸಹ ಬಿಚ್ಚಿಲ್ಲ ಎಂದು ನಿನ್ನೆ ಫೋನಿನಲ್ಲಿ ನೀನು ಹೇಳಿದೆ. “ಇನ್ನೂ ಮಳೆ ದೂರ ಇದ್ದು ಆಯೀ” ಎಂದೂ ಸೇರಿಸಿದೆ. ಕೇರಳಕ್ಕೆ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 1. ಅಲ್ಲಿಂದ ಶಿರಸಿಗೆ ಬರಲು ಅದಕ್ಕೆ ಒಂದು ವಾರ ಸಾಕು. ಅಡಿಕೆಗೆ ಕೊಳೆರೋಗದ ಮದ್ದು ಬೀಳಬೇಕಾದದ್ದು ಮಳೆ ಹಿಡಿಯುವ ಮೊದಲು. ಮೇ ಅರ್ಧ ಆಗಲೇ ಕಳೆಯಿತು.

‘ನಾಳೆ ಎಂದವನ ಮನೆ ಹಾಳು’ ಎಂದು ಗದರಲು ಬರೆಯುತ್ತಿಲ್ಲ. ಬೈದರೆ ಇರುವ ಹೆದರಿಕೆಗೆ ಇನ್ನೊಂದು ಹೆದರಿಕೆ ಸೇರುತ್ತದೆ, ಅಷ್ಟೇ. ನೀನು ಸೋಮಾರಿಯಲ್ಲ. ‘ತೋಟಕ್ಕೆ ಮದ್ದು ಹೊಡೆಸುವುದು’ ಎಂಬ ಒಂದೇ ಮಾತಿನೊಳಗೆ ಐನೂರು ಚಿಲ್ಲರೆ ಮರ, ಸುಣ್ಣ, ಪಂಪು, ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ, ಮಳೆ, ವರ್ಷದ ಬೆಳೆ ಎಲ್ಲವನ್ನೂ ತುರುಕಿಕೊಂಡು ಕೂತಿದ್ದೀಯ. ಅಷ್ಟನ್ನೂ ಒಟ್ಟಿಗೆ ನೆನೆದರೆ ಯಾರಿಗೂ ಕೈ ಏಳುವುದಿಲ್ಲ. ಆಗ ಮೊಬೈಲಿನಲ್ಲಿ ಇನ್ನೊಂದು ವಿಡಿಯೋ ನೋಡುತ್ತೇವೆ, ಹವಾಮಾನ ನೋಡುತ್ತೇವೆ, ಏನೋ ಕೆಲಸ ಮಾಡಿದ ಹಾಗೇ ಅನ್ನಿಸುತ್ತದೆ.

ತೋಟದ ಮಾತು ಬಿಡು. ಇವತ್ತು ಸಂಜೆ ಒಂದೇ ಬಕೆಟ್ ಮದ್ದು ಮಾಡು. ಹೊಡೆಯಲಿಕ್ಕಲ್ಲ, ಬೇಕೆಂದೇ ಕೆಡಿಸಲಿಕ್ಕೆ.

100 ಗ್ರಾಂ ಮೈಲುತುತ್ತವನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ 5 ಲೀಟರ್ ನೀರಿಗೆ ಕರಗಿಸು. ಕಬ್ಬಿಣ, ತಗಡಿನ ಪಾತ್ರೆ ಬೇಡ, ತಾಮ್ರವೆಲ್ಲ ಪಾತ್ರೆಗೇ ಹತ್ತುತ್ತದೆ. ಹರಳನ್ನು ತಳಕ್ಕೆ ಸುರಿದರೆ ಅಲ್ಲೇ ಕೂತಿರುತ್ತದೆ. ಅರಿವೆಯಲ್ಲಿ ಗಂಟು ಕಟ್ಟಿ ನೀರಿನ ಮೇಲ್ಭಾಗದಲ್ಲಿ ಮುಳುಗುವಂತೆ ತೂಗಿಬಿಡು. ಕರಗಿದ ಭಾರದ ನೀರು ಕೆಳಗಿಳಿದು, ತಿಳಿನೀರು ಮೇಲೆ ಬರುತ್ತ ತಾನಾಗಿ ಕರಗುತ್ತದೆ. ಇನ್ನೊಂದು ಬಕೆಟ್ಟಿನ 5 ಲೀಟರ್ ನೀರಿಗೆ ಸುಣ್ಣ ಹಾಕು. ಅಳತೆ ಪ್ರಕಾರ ಅದೂ 100 ಗ್ರಾಂ. ಆದರೆ ಈಗ ಒಂದೇ ಚಮಚ ಹಾಕು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಹೊಯ್ಯುತ್ತ ಕೋಲಿನಿಂದ ತಿರುವು. ಉಲ್ಟಾ ಹೊಯ್ಯಬೇಡ, ಗಸಿ ದಪ್ಪಗಾಗಿ ಕಾಯಿಗೆ ಅಂಟುವುದಿಲ್ಲ.

ಈಗ ಕಬ್ಬಿಣದ ಕತ್ತಿಯ ಅಲಗನ್ನು ಹೊಳೆಯುವ ಹಾಗೆ ತಿಕ್ಕಿ, ಒಂದು ನಿಮಿಷ ಅದ್ದಿ ತೆಗೆ. ಅಡುಗೆಮನೆಯ ಸ್ಟೀಲ್ ಚಾಕು ಸರಿಯಾಗಿ ಹೇಳುವುದಿಲ್ಲ. ಅದ್ದಿದಷ್ಟು ಭಾಗಕ್ಕೆ ಕೆಂಪು ಬಣ್ಣ ಹತ್ತಿರುತ್ತದೆ, ಹಳೇ ತಾಮ್ರದ ತಂಬಿಗೆಯ ಬಣ್ಣ. ಸುಣ್ಣ ಸಾಲದೆ ಉಳಿದ ತಾಮ್ರ ಅದು. ಇದನ್ನೇ ಮರಕ್ಕೆ ಹೊಡೆದರೆ ಎಳೆಕಾಯಿ ಸುಡುತ್ತದೆ. ನೀನು ಹೆದರಿಕೊಂಡು ಕೂತಿರುವುದೂ ಇದಕ್ಕೇ ಅಲ್ಲವೇ? ಉಳಿದ ಸುಣ್ಣವನ್ನು ನೀರಲ್ಲಿ ಕಲಸಿ ಸೇರಿಸು. ಕತ್ತಿ ಮತ್ತೆ ತಿಕ್ಕಿ ಅದ್ದು. ಕೆಂಪು ಬಾರದಿದ್ದರೆ ತಪ್ಪು ಹೋಯಿತು. ಆ ಬಕೆಟ್ಟನ್ನು ಬಾವಿ, ಹಳ್ಳದಿಂದ ದೂರ ಗುಂಡಿ ತೋಡಿ ಚೆಲ್ಲು. ಮೀನಿಗೆ ಅದು ವಿಷ. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ ಮರೆಯಬೇಡ.

ದೊಡ್ಡ ಡ್ರಮ್ಮಿಗೂ ಇದೇ ಲೆಕ್ಕ: 200 ಲೀಟರಿಗೆ 2 ಕೆಜಿ ಮೈಲುತುತ್ತ, 2 ಕೆಜಿ ಸುಣ್ಣ, ಎರಡಕ್ಕೂ ಅರ್ಧರ್ಧ ನೀರು. ಸುಣ್ಣ ಹೊಸದಿರಬೇಕು. ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಚುಂಯ್ ಎಂದು ಕುದಿಯಬೇಕು. ಸುಮ್ಮನೆ ನೆನೆದರೆ ಅದು ಗಾಳಿ ತಾಗಿ ಸತ್ತ ಸುಣ್ಣ, ಅಂಗಡಿಗೆ ವಾಪಸ್ ಕೊಡು. ಕುದಿದದ್ದು ಪೂರ್ತಿ ಆರಲಿ. ಅರಿವೆಯಲ್ಲಿ ಸೋಸು, ಇಲ್ಲವಾದರೆ ಕೊನೆಗೌಡ ಮರದ ತುದಿಯಲ್ಲಿದ್ದಾಗಲೇ ನಾಜಲ್ ಕಟ್ಟುತ್ತದೆ. ಮಾಡಿದ ಮದ್ದು ಅದೇ ದಿನ ಮುಗಿಯಬೇಕು. ರಾತ್ರಿ ಕಳೆದರೆ ಗಸಿ ಗಟ್ಟಿಯಾಗಿ ಅಂಟು ಹೋಗುತ್ತದೆ.

ಈ ಮದ್ದಿನ ಹುಟ್ಟೂ ಹೆದರಿಕೆಯಲ್ಲೇ ಇದೆ, ಗೊತ್ತಾ? ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗೆ ಮೈಲುತುತ್ತ, ಸುಣ್ಣ ಎರಚುತ್ತಿದ್ದರಂತೆ. ಆ ಬಳ್ಳಿಗಳಿಗೆ ರೋಗ ಕಡಿಮೆ ಎಂದು ಗಮನಿಸಿದವನು ಸಸ್ಯವಿಜ್ಞಾನಿ ಮಿಲಾರ್ಡೆ, 1885ರಲ್ಲಿ ಅದನ್ನು ಪ್ರಕಟಿಸಿದ. ಅಡಿಕೆಯ ಕೊಳೆಗೂ ಅದನ್ನೇ ಹೊಡೆಯಿರಿ ಎಂದವನು ಮೈಸೂರು ಸಂಸ್ಥಾನದಲ್ಲಿದ್ದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್.

ನಾಳೆ ಬೆಳಿಗ್ಗೆ ಪಂಪಿಗೆ ಬರೀ ನೀರು ಹಾಕಿ ಓಡಿಸು. ವರ್ಷವಿಡೀ ಒಣಗಿದ ವಾಷರ್ ಗಟ್ಟಿಯಾಗಿ ಸೋರುತ್ತದೆ. ಸೋರುವುದು ಈಗಲೇ ತಿಳಿದರೆ ಪೇಟೆಯಿಂದ ತರಲು ದಿನವಿದೆ. ನಾಜಲ್ಲಿಗೆ ಸೂಜಿ ತೂರಿಸಬೇಡ, ತೂತು ದೊಡ್ಡದಾಗಿ ಮಂಜಿನ ಬದಲು ನೀರು ಸುರಿಯುತ್ತದೆ. ಹಿಡಿಕಡ್ಡಿ ಸಾಕು.

ಇನ್ನು ಕೊನೆಗೌಡರಿಗೆ ಫೋನು. ನನ್ನ ಅಂದಾಜಿನಲ್ಲಿ ಎಲ್ಲಕ್ಕಿಂತ ನಿನ್ನನ್ನು ಕಟ್ಟಿಹಾಕಿದ್ದು ಇದೇ. ಆಗುವುದಿಲ್ಲ ಎಂದುಬಿಟ್ಟರೆ ಎಂಬ ಅಳುಕು. “ಬರ್ತೀರಾ?” ಎಂದು ಕೇಳಬೇಡ, “ಯಾವ ದಿನ ಖಾಲಿ ಇದ್ದೀರಿ?” ಎಂದು ಕೇಳು. ಆಗುವುದಿಲ್ಲ ಎಂದರೂ ಇನ್ನೊಬ್ಬರನ್ನು ಹುಡುಕಲು ಈಗ ಸಮಯವಿದೆ, ಜೂನಿನಲ್ಲಿ ಇರುವುದಿಲ್ಲ. ಮರ ಹತ್ತಿದಾಗ ಹೋದ ವರ್ಷದ ಒಣಗಿದ, ಕೊಳೆತ ಕೊನೆ (ಅಡಿಕೆ ಗೊನೆ) ಇದ್ದರೆ ಕಿತ್ತು ಹಾಕಲು ಹೇಳು. ರೋಗ ಅಲ್ಲೇ ಅಡಗಿರುತ್ತದೆ.

ಒಂದನ್ನು ಮಾತ್ರ ಬಿಡಿಸಿ ಹೇಳುತ್ತೇನೆ. ಈ ಬೋರ್ಡೋ ಮದ್ದು, ಆಗಲೇ ಬಂದ ಕೊಳೆಯನ್ನು ವಾಸಿ ಮಾಡುವ ಔಷಧಿಯಲ್ಲ, ಕಾಯಿಯ ಮೇಲೆ ಕೂರುವ ತೆಳು ಪೊರೆ. ತೊಟ್ಟಿನ ಹತ್ತಿರ ನೀರು ಕುಡಿದಂಥ ಕಲೆ ಕಂಡ ಕಾಯಿಗೆ ಎಷ್ಟು ಹೊಡೆದರೂ ಅದು ಉದುರುತ್ತದೆ. ಅದಕ್ಕೇ ಇಲ್ಲಿ ತಪ್ಪುಗಳ ತೂಕ ಒಂದೇ ಅಲ್ಲ. ನಾಲ್ಕು ಮರ ಬಿಟ್ಟುಹೋದರೆ ಪರವಾಗಿಲ್ಲ, ಮರುದಿನ ಹೊಡೆಸಬಹುದು. ಒಂದು ವಾರ ಮೊದಲೇ ಆದರೂ ಪರವಾಗಿಲ್ಲ, ಹೇಗೂ 40–45 ದಿನಕ್ಕೆ ಬಿಸಿಲು ನೋಡಿ ಎರಡನೇ ಸಲ ಹೊಡೆಸಲೇಬೇಕು. ಎಲ್ಲ ಸರಿಯಾಗಲಿ ಎಂದು ಕಾದು ಮಳೆ ಹಿಡಿದರೆ ಮಾತ್ರ ದಾರಿಯಿಲ್ಲ. ಕೊನೆ ಒದ್ದೆಯಿದ್ದಾಗ ಹೊಡೆದದ್ದು ನಿಲ್ಲುವುದಿಲ್ಲ.

ಹೊಡೆಸುವ ದಿನ ‘ಇಡೀ ತೋಟಕ್ಕೆ ಎಷ್ಟು ಬೇಕು’ ಎಂದು ತಲೆಬಿಸಿ ಮಾಡಿಕೊಳ್ಳಬೇಡ. ಒಂದು ಡ್ರಮ್ ಮಾತ್ರ ಮಾಡು, ಮದ್ದು ಬಿದ್ದ ಮರದ ಬುಡಕ್ಕೆ ಸುಣ್ಣದ ಗುರುತು ಹಾಕುತ್ತ ಹೋಗು. ಡ್ರಮ್ ಖಾಲಿಯಾದಾಗ ಗುರುತು ಎಣಿಸಿ ಫೋನ್ ಮಾಡು. ಉಳಿದದ್ದರ ಲೆಕ್ಕ ಆಗ ಇಬ್ಬರೂ ಕೂತು ಹಾಕೋಣ.

ನಿನ್ನ ಆಯಿ