ಕಡೂರು ದಾಟುವಾಗ ಆಡಿದ ಮಾತು

ಶಿವಮೊಗ್ಗ
ಭಾನುವಾರ ರಾತ್ರಿ

ಪುಟ್ಟಿ,

ಅಂಗಡಿ ಇವತ್ತು ಮಧ್ಯಾಹ್ನಕ್ಕೇ ಮುಚ್ಚಿದೆ. ಅಜ್ಜಿ ಮಲಗಿದ್ದಾರೆ. ನಿನ್ನ ತಮ್ಮ ಹೋಂವರ್ಕ್ ಅಂತ ಕೂತವನು ಪುಸ್ತಕದ ಮೇಲೇ ನಿದ್ದೆ ಹೋಗಿದ್ದಾನೆ. ಫೋನಲ್ಲಿ ಮಾತಾಡೋಣ ಅಂದರೆ ನಮ್ಮಿಬ್ಬರ ಮಾತು "ಊಟ ಆಯ್ತಾ, ಬ್ಯಾಡ್ಮಿಂಟನ್ ಪ್ರಾಕ್ಟೀಸ್ ಹೇಗಿತ್ತು" ಅನ್ನೋದನ್ನ ದಾಟಿ ಮುಂದೆ ಹೋಗುವುದೇ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಅಕ್ಷರ ಓದಕ್ಕಾಗದಿದ್ದರೆ ಅಮ್ಮನ್ನ ಕೇಳು, ಅವಳಿಗೆ ಅಭ್ಯಾಸ ಇದೆ.

ಶುಕ್ರವಾರ ಅಲ್ಲಿ ಬೆಂಗಳೂರಲ್ಲಿ ನೀವಿಬ್ಬರೂ ಡಾಕ್ಟರ ಹತ್ತಿರ ಹೋದಾಗ ಅಮ್ಮ ಫೋನನ್ನ ಸ್ಪೀಕರಿಗೆ ಹಾಕಿದ್ದಳು. ನಾನು ಇಲ್ಲಿ ತಕ್ಕಡಿಯಲ್ಲಿ ಮೊಳೆ ತೂಗುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಮೊಣಕಾಲು ನೋವು ಎಷ್ಟು ದಿನದಿಂದ ಇದೆ ಅಂತ ಡಾಕ್ಟರ್ ಕೇಳಿದರು. ನೀನು "ಐದು ತಿಂಗಳಿಂದ" ಅಂದೆ. ಅಮ್ಮನಿಗೆ ಗಾಬರಿ. ಯಾಕೇ ಹೇಳಲಿಲ್ಲ ಅಂದಳು. ನೀನು ಒಂದು ಕ್ಷಣ ಸುಮ್ಮನಿದ್ದು, "ಟೂರ್ನಮೆಂಟಿನ ಎಂಟ್ರಿ ಫೀಸು ಕಟ್ಟಿ ಆಗಿತ್ತಲ್ಲಮ್ಮಾ" ಅಂದೆ.

ಆಮೇಲೆ ಡಾಕ್ಟರ್ ಏನು ಹೇಳಿದರೋ ನನಗೆ ಸರಿಯಾಗಿ ಕೇಳಿಸಲಿಲ್ಲ. ಎದುರಿಗಿದ್ದ ಗಿರಾಕಿ "ಸಾರ್, ಜಾಸ್ತಿ ಬಿತ್ತು" ಅಂದಾಗ ನೋಡಿದರೆ ಒಂದು ಕೆಜಿ ಕೇಳಿದವನಿಗೆ ಎರಡು ಕೆಜಿ ಹತ್ತಿರ ಸುರಿದಿದ್ದೆ.

13 ವರ್ಷದ ಹುಡುಗಿಗೆ ಈ ಲೆಕ್ಕ ಯಾರು ಕಲಿಸಿದರು ಅಂತ ಎರಡು ದಿನದಿಂದ ಯೋಚನೆ ಮಾಡುತ್ತಿದ್ದೇನೆ. ಯೋಚನೆ ಮಾಡುವುದಕ್ಕೆ ಏನಿದೆ, ನಾನೇ ಅಲ್ವಾ.

ಹೋದ ವರ್ಷ ಮೈಸೂರಿನ ಟೂರ್ನಮೆಂಟ್ ನೆನಪಿದೆಯಾ? ದಸರಾ ಹತ್ತಿರ ಇತ್ತು ಅಂತ ಲಾಡ್ಜಿನವರು ದುಪ್ಪಟ್ಟು ಬಾಡಿಗೆ ಕೇಳಿದ್ದರು. ನೀನು ಮೊದಲ ರೌಂಡಲ್ಲೇ 21-9, 21-11ಕ್ಕೆ ಸೋತೆ. ಪಕ್ಕದ ಕೋರ್ಟಿನ ಹತ್ತಿರ ಒಬ್ಬ ಅಪ್ಪ, ಸೋತು ಬಂದ ಮಗಳ ಕೈಯಿಂದ ನೀರಿನ ಬಾಟಲಿ ಕಿತ್ತುಕೊಂಡು "ನಡಿ ಕಾರಿಗೆ" ಅಂದ. ಆ ಹುಡುಗಿ ಕುಡಿಯುತ್ತಿದ್ದ ನೀರು ಅಂಗಿ ಮೇಲೆಲ್ಲ ಚೆಲ್ಲಿತು. ಸದ್ಯ, ನಾನು ಇವನ ಹಾಗಲ್ಲ ಅಂದುಕೊಂಡೆ. ನಿನಗೆ ಎಳನೀರು ಕೊಡಿಸಿದೆ. ಒಂದು ಮಾತೂ ಬಯ್ಯಲಿಲ್ಲ.

ಅರಸೀಕೆರೆವರೆಗೂ ಚೆನ್ನಾಗಿಯೇ ಇದ್ದೆ. ಕಡೂರು ದಾಟುವಾಗ ಡೀಸೆಲ್ ಹಾಕಿಸಿದ ಚೀಟಿ ಜೇಬಿಂದ ಬಿತ್ತು. ಅದನ್ನ ಎತ್ತಿಕೊಳ್ಳುತ್ತಾ ಅಮ್ಮನಿಗೆ ಹೇಳಿದೆ: "ಎಂಟ್ರಿ, ಲಾಡ್ಜು, ಡೀಸೆಲ್ಲು, ಹೊಸ ಶೂ ಎಲ್ಲ ಸೇರಿ 14 ಸಾವಿರ. ಇಪ್ಪತ್ತಮೂರು ನಿಮಿಷದ ಆಟ. ನಿಮಿಷಕ್ಕೆ ಆರುನೂರು ರೂಪಾಯಿ ಬಿತ್ತು ನೋಡು."

ತಮಾಷೆಗೆ ಅಂದೆ ಅಂತ ಆಮೇಲೆ ನನಗೆ ನಾನೇ ಹೇಳಿಕೊಂಡೆ. ಆದರೆ ಕಾರಿನಲ್ಲಿ ಯಾರೂ ನಗಲಿಲ್ಲ. ನೀನು ಕಿಟಕಿಗೆ ತಲೆ ಒರಗಿಸಿ ಕಣ್ಣು ಮುಚ್ಚಿಕೊಂಡಿದ್ದೆ. ಮಲಗಿರಲಿಲ್ಲ ಅಂತ ನನಗೆ ಗೊತ್ತಿತ್ತು. ತರೀಕೆರೆ ಬಂತು, ಭದ್ರಾವತಿ ಬಂತು, ಊರೂ ಬಂತು. ನೀನು ಕಣ್ಣು ಬಿಡಲೇ ಇಲ್ಲ.

ನಮ್ಮ ಅಂಗಡಿಯ ಕಿರ್ದಿ ಪುಸ್ತಕ ನಿನಗೆ ಗೊತ್ತಲ್ಲ, ಕೆಂಪು ರಟ್ಟಿನದು. ಅಂಥದ್ದೇ ಇನ್ನೊಂದು ಪುಸ್ತಕ ನಿನ್ನ ಹೆಸರಲ್ಲಿ ಇಟ್ಟಿದ್ದೆ. 2022ರ ಜೂನಿನಲ್ಲಿ ನೀನು, ಅಮ್ಮ ಬೆಂಗಳೂರಿಗೆ ಮನೆ ಮಾಡಿಕೊಂಡು ಹೋದ ದಿನ ಶುರು ಮಾಡಿದ್ದು. ಮೊದಲ ಸಾಲು, ಬಾಡಿಗೆ ಮನೆಗೆ ಅಡ್ವಾನ್ಸು, ಒಂದು ಲಕ್ಷ. ಆಮೇಲೆ ಅಕಾಡೆಮಿ ಫೀಸು, ಶಟಲ್, ಗಟ್ಟಿಂಗು (ರ‍್ಯಾಕೆಟ್ಟಿಗೆ ದಾರ ಹಾಕಿಸೋದು), ಫಿಸಿಯೋ, ಆಟೋ, ಟ್ಯೂಷನ್. ಗಟ್ಟಿಂಗಿಗೇ ಒಂದು ಪುಟ ಮೀಸಲು. ಸ್ಮ್ಯಾಷ್ ಜೋರಾದಷ್ಟೂ ಗಟ್ ಬೇಗ ಹರಿಯುತ್ತಿತ್ತು. ಅಂದರೆ ನೀನು ಚೆನ್ನಾಗಿ ಆಡಿದಷ್ಟೂ ಖರ್ಚು ಜಾಸ್ತಿ. ವ್ಯಾಪಾರಿ ತಲೆಗೆ ಇದು ಮಾತ್ರ ಕೊನೆವರೆಗೂ ಅರ್ಥವಾಗಲಿಲ್ಲ.

ಶಟಲ್ ಕಥೆ ಇನ್ನೂ ವಿಚಿತ್ರ. ಒಂದು ಕಾರ್ಕು, ಅದಕ್ಕೆ ಬಾತುಕೋಳಿಯದೋ ಹೆಬ್ಬಾತಿನದೋ 16 ಗರಿ, ಹೆಚ್ಚು ಕಡಿಮೆ ಐದು ಗ್ರಾಂ ತೂಕ. ಟ್ಯೂಬಿಗೆ ಹನ್ನೆರಡು. ನೀನು ಹೋದ ಹೊಸತರಲ್ಲಿ ಸಾವಿರದ ಚಿಲ್ಲರೆಗೆ ಬರುತ್ತಿದ್ದ ಟ್ಯೂಬು ಈಗ 2,100. ಚೀನಾದಲ್ಲಿ ಬಾತು ಸಾಕೋದು ಕಡಿಮೆಯಾಗಿ ಗರಿಯೇ ಸಿಗ್ತಿಲ್ಲ ಅಂತ ಅಂಗಡಿಯವನು ಹೇಳಿದ. ನಾನು ಕಬ್ಬಿಣ ತೂಗುವವನು, ಅಲ್ಲೇ ಲೆಕ್ಕ ಹಾಕಿದೆ. ಕಿಲೋಗೆ 35 ಸಾವಿರ ರೂಪಾಯಿ ಆಯ್ತು! ಅಷ್ಟು ದುಡ್ಡು ಕೊಟ್ಟು ತಂದಿದ್ದು ಒಂದು ಗರಿ ಮುರಿದರೆ ಕಸದ ಬುಟ್ಟಿಗೆ. ನಿಮ್ಮ ಕೋರ್ಟಿನ ಮೂಲೆಯಲ್ಲಿ ಆ ಗರಿಗಳ ರಾಶಿ ನೋಡಿದಾಗಲೆಲ್ಲ ನನ್ನ ಕೈ ತಾನಾಗಿ ಜೇಬಿಗೆ ಹೋಗುತ್ತಿತ್ತು.

ಇದನ್ನೆಲ್ಲ ಬರೆದಿಡುವುದು ತಪ್ಪಲ್ಲ. ಬರೆದಿಡದಿದ್ದರೆ ನಾವು ಯಾವತ್ತೋ ಮುಳುಗುತ್ತಿದ್ದೆವು. ತಪ್ಪಾಗಿದ್ದು ಬೇರೆ ಕಡೆ. ಅದಕ್ಕೆ ಆಮೇಲೆ ಬರುತ್ತೇನೆ.

ಪುಸ್ತಕದಲ್ಲಿ ಇಲ್ಲದ ಖರ್ಚೂ ಇದೆ. ಅಮ್ಮ ಹೊಲಿಗೆ ಮೆಷಿನ್ ಮೇಲೆ ಬಟ್ಟೆ ಹೊದಿಸಿ ಹೋದಳಲ್ಲ, ಅದು ಇವತ್ತಿಗೂ ಹಾಗೇ ಇದೆ. ಅವಳ ಹತ್ತಿರ ರವಿಕೆ ಹೊಲಿಸುತ್ತಿದ್ದವರು ಈಗ ಬೇರೆ ಕಡೆ ಹೋಗುತ್ತಾರೆ. ನಿನ್ನ ತಮ್ಮ ಐದನೇ ವಯಸ್ಸಿನಿಂದ ಅಮ್ಮನನ್ನು ತಿಂಗಳಿಗೆ ಎರಡು ಸಲ ನೋಡುತ್ತಿದ್ದಾನೆ. ಒಂದು ದಿನ ಶಾಲೆಯಲ್ಲಿ ಮಿಸ್ಸು "ನಿಮ್ಮನೇಲಿ ಯಾರ್ಯಾರಿದ್ದೀರಿ" ಅಂತ ಕೇಳಿದರೆ ಅಪ್ಪ, ಅಜ್ಜಿ, ನಾನು ಅಂತ ಬರೆದು ಬಂದಿದ್ದ. ಅದನ್ನ ನಿಮ್ಮಿಬ್ಬರಿಗೂ ಹೇಳಿರಲಿಲ್ಲ. ಈಗ ಹೇಳುತ್ತಿರುವುದು ನಿನಗೆ ನೋವಾಗಲಿ ಅಂತ ಅಲ್ಲ. ಅದನ್ನ ನಿರ್ಧಾರ ಮಾಡಿದವರು ನಾವು ದೊಡ್ಡವರು. ಹತ್ತು ವರ್ಷದ ನಿನ್ನನ್ನ "ಹೋಗ್ತೀಯಾ" ಅಂತ ಕೇಳಿದ್ದೆವು, ನಿಜ. ಆದರೆ ನಮ್ಮ ಮುಖ ನೋಡಿದ ಯಾವ ಮಗು ಬೇಡ ಅನ್ನುತ್ತೆ?

ಶುರುವಿನಲ್ಲಿ ಹೀಗಿರಲಿಲ್ಲ ಮಾರಾಯ್ತಿ. ಬೇಸಿಗೆ ಶಿಬಿರಕ್ಕೆ ಸೇರಿಸಿದ್ದು ನೀನು ಮನೆಯಲ್ಲಿ ಟಿವಿ ನೋಡಬಾರದು ಅಂತ, ಅಷ್ಟೇ. ಏಳು ವರ್ಷ. ರ‍್ಯಾಕೆಟ್ಟು ನಿನ್ನ ಕಾಲಿಗಿಂತ ಉದ್ದ ಕಾಣುತ್ತಿತ್ತು. ಮೊದಲ ಕಪ್ ಬಂದಾಗ ಅದನ್ನ ಅಂಗಡಿಯ ಗಲ್ಲಾಪೆಟ್ಟಿಗೆ ಪಕ್ಕ ಇಟ್ಟೆ. ಬಂದವರೆಲ್ಲ ಕೇಳೋರು, ನಾನು ಹೇಳೋನು. ಅಲ್ಲಿಂದ ಹತ್ತಿತು ನನಗೆ ರುಚಿ. ಒಂಬತ್ತನೇ ವಯಸ್ಸಿಗೆ ನಿನ್ನ ರ‍್ಯಾಂಕಿಂಗ್ ಪಟ್ಟಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದೆ. ನಾರ್ವೆ ದೇಶದಲ್ಲಿ ಮಕ್ಕಳಿಗೆ 11 ವರ್ಷ ಆಗುವವರೆಗೆ ಪಂದ್ಯದ ಫಲಿತಾಂಶದ ಪಟ್ಟಿ, ರ‍್ಯಾಂಕು ಯಾವುದನ್ನೂ ಹಾಕುವಂತಿಲ್ಲವಂತೆ, ಅಲ್ಲಿನ ಕ್ರೀಡಾ ಸಂಸ್ಥೆಯದೇ ನಿಯಮ. ಅದೇ ದೇಶ 2018ರ ಚಳಿಗಾಲದ ಒಲಿಂಪಿಕ್ಸಿನಲ್ಲಿ 39 ಪದಕ ಗೆದ್ದಿತು. ನಿನ್ನೆ ರಾತ್ರಿ ನಿದ್ದೆ ಬರದೆ ಫೋನಲ್ಲಿ ಓದಿದೆ. ಎದ್ದು ಹೋಗಿ ಆ ಗೋಡೆ ನೋಡಿದೆ. ಪಟ್ಟಿ ತೆಗೆದು ಬಹಳ ದಿನವಾಗಿದೆ, ಟೇಪಿನ ಕಲೆ ಇನ್ನೂ ಇದೆ.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಒಬ್ಬರು ನನ್ನನ್ನ ಪಕ್ಕಕ್ಕೆ ಕರೆದು, "ದಾಖಲೆಯಲ್ಲಿ ಮಗಳ ವಯಸ್ಸು ಎರಡು ವರ್ಷ ಕಡಿಮೆ ಮಾಡಿಸಿ, ಎಲ್ಲರೂ ಮಾಡ್ತಾರೆ" ಅಂದಿದ್ದರು. ನಾನು ಮಾಡಿಸಲಿಲ್ಲ. ಆದರೆ ಅವತ್ತು ರಾತ್ರಿ ಪೂರ್ತಿ ಅದನ್ನೇ ಯೋಚಿಸಿದ್ದೆ. ಯೋಚಿಸಿದ್ದೂ ನಿನಗೆ ಗೊತ್ತಿರಲಿ.

ಪ್ರಕಾಶ್ ಪಡುಕೋಣೆ ಅವರ ಕಥೆಯನ್ನ ನಿನಗೆ ಎಷ್ಟು ಸಲ ಹೇಳಿಲ್ಲ? ಬೆಂಗಳೂರಲ್ಲಿ ಆಗ ಸರಿಯಾದ ಕೋರ್ಟ್ ಇರಲಿಲ್ಲ, ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲಿನಲ್ಲಿ ಆಡಿ ಬೆಳೆದರು, 1980ರಲ್ಲಿ ಆಲ್ ಇಂಗ್ಲೆಂಡ್ ಅನ್ನೋ ದೊಡ್ಡ ಬ್ಯಾಡ್ಮಿಂಟನ್ ಟೂರ್ನಮೆಂಟ್ ಗೆದ್ದರು, ನಿನಗೆ ನೋಡು ಸಿಂಥೆಟಿಕ್ ಕೋರ್ಟಿದೆ, ಶೂ ಇದೆ, ಎಲ್ಲ ಇದೆ. ಈ ಕಥೆಯನ್ನ ನಾನು ಬೆತ್ತದ ಹಾಗೆ ಬಳಸಿದೆ. ಅದರಲ್ಲೇ ಇರುವ ಇನ್ನೊಂದು ಮಾತು ಮೊನ್ನೆವರೆಗೂ ಹೊಳೆದಿರಲಿಲ್ಲ. ಮದುವೆ ಇದ್ದ ದಿನ ಆ ಹಾಲಿನಲ್ಲಿ ಆಟ ಇರುತ್ತಿರಲಿಲ್ಲ. ರಜೆ! ನಮ್ಮ ಕಡೆ ಮದುವೆ ಮುಹೂರ್ತಗಳು ಎಷ್ಟಿರುತ್ತವೆ ಗೊತ್ತಲ್ಲ. ನಿನಗೆ ನಾನು ಭಾನುವಾರವನ್ನೂ ಬಿಡಲಿಲ್ಲ. "ಎಕ್ಸ್‌ಟ್ರಾ ಸೆಷನ್" ಅಂತ ದುಡ್ಡು ಕಟ್ಟಿ ಆ ರಜೆಯನ್ನೂ ಕೊಂಡುಕೊಂಡೆ.

ಸೈನಾ ನೆಹ್ವಾಲ್ ಕಥೆಯೂ ಹಾಗೇ. ಅವರಪ್ಪ ಹೈದರಾಬಾದಿನಲ್ಲಿ ಕತ್ತಲಿರುವಾಗಲೇ ಸ್ಕೂಟರಿನಲ್ಲಿ ಸ್ಟೇಡಿಯಂಗೆ ಕರೆದುಕೊಂಡು ಹೋಗುತ್ತಿದ್ದರು, ಪಿಎಫ್ ಹಣ ತೆಗೆದು ಖರ್ಚು ಮಾಡಿದರು. ನೀನು ಹುಟ್ಟಿದ ವರ್ಷವೇ, 2012ರಲ್ಲಿ, ಲಂಡನ್ ಒಲಿಂಪಿಕ್ಸಿನಲ್ಲಿ ಸೈನಾಗೆ ಕಂಚು ಬಂತು. ನಾನೂ ಆ ಅಪ್ಪನ ಜಾಗದಲ್ಲಿ ನನ್ನನ್ನೇ ಕಂಡೆ. ಪಿಎಫ್ ತೆಗೆದು, ಸೈಟು ಮಾರಿ, ಏನೂ ಬರದೆ ವಾಪಸ್ಸಾದ ಅಪ್ಪಂದಿರ ಕಥೆಯನ್ನ ಯಾವ ಪೇಪರಿನವರು ಬರೆಯುತ್ತಾರೆ ಹೇಳು. ಅಂಥವರನ್ನ ನಾನು ಗ್ಯಾಲರಿಯಲ್ಲಿ ನೋಡಿದ್ದೇನೆ. ಒಂದು ವರ್ಷ ಪಕ್ಕದಲ್ಲಿ ಕೂತು ಚಕ್ಕುಲಿ ಹಂಚಿಕೊಂಡವರು ಮುಂದಿನ ವರ್ಷ ಕಾಣಿಸುವುದಿಲ್ಲ. ಯಾರೂ ವಿಚಾರಿಸುವುದೂ ಇಲ್ಲ. ಪೇರೆಂಟ್ಸ್ ಗ್ರೂಪಿನಲ್ಲಿ 'ಲೆಫ್ಟ್' ಅಂತ ಒಂದು ಸಾಲು ಬರುತ್ತದೆ, ಅಷ್ಟೇ.

ಈಗ ನಿನ್ನ ಕಾಲಿನ ಮಾತು. ಶುಕ್ರವಾರ ಕೇಳಿಸದಿದ್ದುದನ್ನ ಶನಿವಾರ ನಾನೇ ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. ಆಸ್‌ಗುಡ್ ಶ್ಲಾಟರ್ ಅಂತ ಹೆಸರು, ಭಯಪಡುವಂಥದ್ದಲ್ಲ. ಬೆಳೆಯುವ ವಯಸ್ಸಲ್ಲಿ ಮೂಳೆಯ ತುದಿ ಇನ್ನೂ ಮೆದುವಾಗಿರುತ್ತೆ. ನೆಗೆದು ನೆಗೆದು ಆಡುವಾಗ ಮೊಣಕಾಲು ಚಿಪ್ಪಿನ ಕೆಳಗಿನ ನರದಂಥ ಪಟ್ಟಿ ಅಲ್ಲೇ ಎಳೆಯುತ್ತಿರುತ್ತೆ. ಅದಕ್ಕೇ ಮೊಣಕಾಲಿನ ಕೆಳಗೆ ಆ ಗಂಟು. ಆಟ ಕಡಿಮೆ ಮಾಡಿ ವಿಶ್ರಾಂತಿ ಕೊಟ್ಟರೆ ನೋವು ಕಡಿಮೆಯಾಗುತ್ತೆ, ಬೆಳವಣಿಗೆ ನಿಂತ ಮೇಲೆ ಸಾಮಾನ್ಯವಾಗಿ ಪೂರ್ತಿ ಹೋಗುತ್ತೆ ಅಂದರು. ಅಮೆರಿಕದ ಮಕ್ಕಳ ವೈದ್ಯರ ಸಂಘದ ಸಲಹೆಯನ್ನೂ ಹೇಳಿದರು. ವಾರಕ್ಕೆ ಒಂದು ಅಥವಾ ಎರಡು ದಿನ ರಜೆ ಇರಬೇಕಂತೆ, ವರ್ಷದಲ್ಲಿ ಒಂದೊಂದೇ ತಿಂಗಳಂತೆ ಬಿಟ್ಟು ಒಟ್ಟು ಮೂರು ತಿಂಗಳು ಆ ಆಟದಿಂದಲೇ ದೂರ ಇರಬೇಕಂತೆ. ಮೂರೂವರೆ ವರ್ಷದಲ್ಲಿ ನಿನಗೆ ಎಷ್ಟು ರಜೆ ಸಿಕ್ಕಿತು ಅಂತ ಕಿರ್ದಿ ತೆಗೆದು ನೋಡಿದೆ. ಖರ್ಚು ಬರೆಯದ ದಿನ ಅಂದರೆ ರಜೆ ಅಲ್ವಾ? ದೀಪಾವಳಿ, ಯುಗಾದಿ, ನಿನಗೆ ಡೆಂಗಿ ಬಂದ ಹತ್ತು ದಿನ.

ಪುಸ್ತಕ ಕೈಯಲ್ಲಿದ್ದಾಗಲೇ ಮೊದಲ ಪುಟದ ತಲೆಬರಹ ಕಣ್ಣಿಗೆ ಬಿತ್ತು. ನಿನ್ನ ಹೆಸರು, ಅದರ ಕೆಳಗೆ ನನ್ನದೇ ಕೈಬರಹದಲ್ಲಿ 'ಬಂಡವಾಳ' ಅಂತ ಬರೆದಿದ್ದೆ.

ಅಂಗಡಿಯಲ್ಲಿ ಬಂಡವಾಳ ಅಂತ ಯಾವುದಕ್ಕೆ ಬರೆಯುತ್ತೇವೆ ಅಂತ ನಿನಗೂ ಗೊತ್ತು. ಪೈಪು, ಸಿಮೆಂಟು, ಪೇಂಟು. ಹಾಕಿದ್ದು ವಾಪಸ್ ಬರಬೇಕು, ಮೇಲೆ ಲಾಭ ಬರಬೇಕು. ನಿನ್ನ ತಮ್ಮನ ಹಾಲು, ಅಜ್ಜಿಯ ಬಿಪಿ ಮಾತ್ರೆ, ಮನೆಯ ಅಕ್ಕಿ ಇವೆಲ್ಲ ಬೇರೆ ಪುಸ್ತಕದಲ್ಲಿವೆ, 'ಮನೆ ಖರ್ಚು' ಅಂತ. ಅಲ್ಲಿ ಯಾರೂ ವಾಪಸ್ ಕೇಳುವುದಿಲ್ಲ. ಅಜ್ಜಿಗೆ "ಇಷ್ಟು ಮಾತ್ರೆ ನುಂಗಿದಿರಲ್ಲ, ಏನು ಬಂತು" ಅಂತ ನಾನು ಯಾವತ್ತಾದರೂ ಕೇಳಿದ್ದೀನಾ? ಕೇಳಿದ್ದರೆ ಅವರು ಸೌಟು ತಗೊಂಡು ಬರುತ್ತಿದ್ದರು.

ಒಟ್ಟು 12,86,000 ಆಗಿದೆ. ಮೊತ್ತ ನಿನ್ನಿಂದ ಮುಚ್ಚಿಡುವುದಿಲ್ಲ, ನೀನು ಹೇಗೂ ಮನಸ್ಸಲ್ಲೇ ಕೂಡಿಸಿಕೊಂಡಿರುತ್ತೀಯ, ನನ್ನ ಮಗಳಲ್ವಾ. ಇವತ್ತು ಸಂಜೆ 'ಬಂಡವಾಳ' ಅನ್ನೋದಕ್ಕೆ ಗೀಟು ಎಳೆದು 'ಮನೆ ಖರ್ಚು' ಅಂತ ಬರೆದೆ. ಪುಸ್ತಕವನ್ನ ಆ ಕಡೆಯ ಕಪಾಟಿಗೆ ಸೇರಿಸಿದೆ.

ಜನವರಿಯ ಎಂಟ್ರಿ ವಾಪಸ್ ತಗೊಳ್ಳೋಕೆ ಅಮ್ಮನಿಗೆ ಹೇಳಿದ್ದೇನೆ. ದುಡ್ಡು ಬರದಿದ್ದರೂ ಪರವಾಗಿಲ್ಲ. ಎರಡು ತಿಂಗಳು ರ‍್ಯಾಕೆಟ್ ಮುಟ್ಟಬೇಡ. ಆಮೇಲೆ ಆಡುತ್ತೀಯೋ ಬಿಡುತ್ತೀಯೋ, ಬೆಂಗಳೂರಲ್ಲೋ ಇಲ್ಲೋ, ಅದನ್ನ ಈಗಲೇ ಹೇಳಬೇಕಾಗಿಲ್ಲ. ಅಪ್ಪ ಬೇಜಾರು ಮಾಡಿಕೊಳ್ಳುವುದೇ ಇಲ್ಲ ಅಂದರೆ ಸುಳ್ಳಾಗುತ್ತೆ. ಬಿಟ್ಟರೆ ಒಂದಷ್ಟು ದಿನ ನನಗೆ ಬೇಜಾರಾಗುತ್ತೆ. ಆ ಗಲ್ಲಾ ಪಕ್ಕದ ಕಪ್ ಕಡೆ ನೋಡುತ್ತಾ ಕೂರುತ್ತೇನೆ. ಅದು ನನ್ನ ಪಾಡು, ನಿನ್ನ ಕೆಲಸ ಅಲ್ಲ. ಡೆಂಗಿ ಬಂದಾಗ ನೀನು ಬೆಳಗ್ಗೆ ಹತ್ತರವರೆಗೆ ಮಲಗಿರುತ್ತಿದ್ದೆ, ಅಮ್ಮ ಅದನ್ನ ಖುಷಿಯಿಂದ ಹೇಳಿದ್ದಳು. ಹಾಗೆ ಮಲಗು. ನೋವಾದರೆ ಆ ದಿನವೇ ಹೇಳು.

ಶನಿವಾರ ರಾತ್ರಿ ರೈಲಿಗೆ ಬರುತ್ತೇನೆ. ಅಜ್ಜಿ ಮಿಡಿ ಉಪ್ಪಿನಕಾಯಿ ಕಟ್ಟಿಟ್ಟಿದ್ದಾರೆ. ಈ ಸಲ ತಮ್ಮನೂ ಬರುತ್ತಾನೆ. ಪ್ಲಾಸ್ಟಿಕ್ ಶಟಲ್ ಕೊಡಿಸಿ ಅಂತ ಹಟ ಹಿಡಿದು ಒಂದು ಡಬ್ಬಿ ತೆಗೆಸಿಕೊಂಡಿದ್ದಾನೆ, ಅಕ್ಕನ ಜೊತೆ ಮೇಲಿನ ಮಹಡಿಯಲ್ಲಿ ಆಡಬೇಕಂತೆ. ಕಾಲು ನೋವು ಅಂತ ಹೇಳಿದೆ. ಹಾಗಾದ್ರೆ ಅಕ್ಕ ಕುರ್ಚಿ ಮೇಲೆ ಕೂತು ಅಂಪೈರ್ ಆಗಲಿ, ಅಪ್ಪ ಆಡಲಿ ಅಂದ. ನನಗೆ ಸರ್ವಿಸ್ ಮಾಡೋಕೂ ಬರಲ್ಲ, ನಿನಗೆ ಗೊತ್ತು. ಅವನು ಲೈನ್ ವಿಷಯದಲ್ಲಿ ಮೋಸ ಮಾಡುತ್ತಾನೆ, ಸ್ವಲ್ಪ ನೋಡಿಕೋ.

ನಿನ್ನ,
ಅಪ್ಪ