ಇಪ್ಪತ್ತು ಚೀಲದ ಲೆಕ್ಕ

ಸುಂಟಿಕೊಪ್ಪ

ಪುಟ್ಟೀ,

ಭಾನುವಾರ ಫೋನಿನಲ್ಲಿ ನೀನು ‘ಆಪರ್ಚುನಿಟಿ ಕಾಸ್ಟ್’, ಒಂದನ್ನು ಆರಿಸಿಕೊಂಡಾಗ ಕೈಬಿಟ್ಟ ಇನ್ನೊಂದರಿಂದ ಸಿಗಬಹುದಾಗಿದ್ದ ಲಾಭ, ಅಂತ ಶುರು ಮಾಡಿದ ಕೂಡಲೇ ನಿಮ್ಮಪ್ಪ ದನಕ್ಕೆ ನೀರಿಡಬೇಕು ಅಂತ ಎದ್ದು ಹೋದರು. ನೀರು ಆಗಲೇ ಇಟ್ಟಾಗಿತ್ತು. ಮಾತು ಎಲ್ಲಿಗೆ ಬರುತ್ತೆ ಅಂತ ಅವರಿಗೆ ಗೊತ್ತಾಗಿಬಿಟ್ಟಿತ್ತು.

ನೀನು ಪಿಯುಸಿ ಸೇರಿದ ವರ್ಷ. ಮಾರ್ಚ್‌ನಲ್ಲಿ ಕಾಫಿ ಗಿಡ ಹೂ ಬಿಡಲು ಸ್ಪ್ರಿಂಕ್ಲರ್‌ನಲ್ಲಿ ನೀರು ಹಾಯಿಸಬೇಕು, ಡೀಸೆಲ್‌ಗೆ ದುಡ್ಡಿಲ್ಲ, ಮೇಲೆ ನಿನ್ನ ಫೀಸು. ಒಳಗೆ 20 ಚೀಲ ರೋಬಸ್ಟಾ ಚೆರಿ, ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ಇತ್ತು. ವ್ಯಾಪಾರಿ ಬಂದು ಒಂದು ಹಿಡಿ ತೆಗೆದು, ಸಿಪ್ಪೆ ಬಿಡಿಸಿ, ತೂಗಿ, ಔಟ್‌ಟರ್ನ್, ಅಂದರೆ ಎಷ್ಟು ಬೀಜ ಸಿಗುತ್ತೆ ಅಂತ, ನೋಡಿ ರೇಟು ಹೇಳಿದ. ‘ಏರುತ್ತೆ, ಕಾಯೋಣ’ ಅಂದರು ನಿಮ್ಮಪ್ಪ. ನನ್ನ ಸರ ಅಡವಿಟ್ಟು 1 ಲಕ್ಷ ತಂದೆವು. ಬಡ್ಡಿ ವರ್ಷಕ್ಕೆ ನೂರಕ್ಕೆ 9.

ನವೆಂಬರ್‌ನಲ್ಲಿ ಮಾರಿದಾಗ ಚೀಲಕ್ಕೆ 200 ರೂಪಾಯಿ ಜಾಸ್ತಿ ಸಿಕ್ಕಿತು. ‘ನೋಡಿದ್ಯಾ, 4,000 ಲಾಭ!’ ಅಂತ ಆವತ್ತು ಹಂದಿ ಕರಿ ಬೇರೆ ಮಾಡಿಸಿದರು. ಎಂಟು ತಿಂಗಳ ಬಡ್ಡಿ 6,000. ಕಾದಿದ್ದಕ್ಕೆ ನಾವೇ 2,000 ಕೊಟ್ಟ ಹಾಗಾಯಿತು, ಹಂದಿ ಕರಿ ಬಿಟ್ಟು. ನಾನು ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆದಿಟ್ಟಿದ್ದೆ, ಹೇಳಿರಲಿಲ್ಲ. ಅದಕ್ಕೊಂದು ಇಂಗ್ಲಿಷ್ ಹೆಸರಿದೆ ಅಂತ ಗೊತ್ತಾಗಿದ್ದು ನಿನ್ನಿಂದ.

ಆದರೂ ನಿಮ್ಮಪ್ಪನನ್ನು ಪೂರ್ತಿ ಬಯ್ಯಲಾರೆ. ನಿನ್ನ ತಾತನ ಕಾಲದಲ್ಲಿ ಈ ತಲೆನೋವೇ ಇರಲಿಲ್ಲ. ಕಾಫಿಯನ್ನು ಸರ್ಕಾರದ ಕಾಫಿ ಬೋರ್ಡಿನ ಪೂಲಿಗೆ ಹಾಕಬೇಕಿತ್ತು, ಎಲ್ಲರದನ್ನೂ ಒಟ್ಟು ಮಾಡಿ ಬೋರ್ಡೇ ಮಾರುತ್ತಿತ್ತು, ದುಡ್ಡು ಕಂತಿನಲ್ಲಿ ಬರುತ್ತಿತ್ತು. ಕಾಯೋದು ಇತ್ತು, ಯಾವಾಗ ಮಾರಲಿ ಅನ್ನೋದು ಇರಲಿಲ್ಲ. 1996ರ ಹೊತ್ತಿಗೆ ಎಲ್ಲರೂ ತಮ್ಮ ಕಾಫಿ ತಾವೇ ಮಾರುವಂತಾಯಿತು. ಅಂದಿನಿಂದ ರೋಬಸ್ಟಾ ಬೆಳೆದವರು ಲಂಡನ್ ಮಾರುಕಟ್ಟೆಯ ರೇಟು ನೋಡಬೇಕು, ಇನ್ನೊಂದು ಜಾತಿ ಅರೇಬಿಕಾ ಬೆಳೆದವರು ನ್ಯೂಯಾರ್ಕಿನದು. 1994ರಲ್ಲಿ ಬ್ರೆಜಿಲ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟುವ ಚಳಿಗೆ ಕಾಫಿ ಹಾಳಾಗಿ ರೇಟು ಹಾರಿದ್ದನ್ನು ನಿಮ್ಮಪ್ಪ ಕಣ್ಣಾರೆ ಕಂಡವರು. ಮಾರುಕಟ್ಟೆಯಲ್ಲಿ ವಿಯೆಟ್ನಾಂ ಕಾಫಿ ತುಂಬಿಕೊಂಡು 2000ದ ಆಸುಪಾಸಿನಲ್ಲಿ ರೇಟು ನೆಲ ಕಚ್ಚಿದ್ದನ್ನೂ ಕಂಡವರೇ. ನೆನಪಿರೋದು ಮಾತ್ರ ಮೊದಲನೆಯದು!

ಈ ಸಲ ಅರ್ಧ ಮಾರಿದ್ದೇವೆ. ಸರ ಮನೆಯಲ್ಲೇ ಇದೆ.

ಇದರ ಜೊತೆ ಒಂದು ಕೆಜಿ ಕಾಳುಮೆಣಸು ಕಳಿಸಿದ್ದೇನೆ. ಮಾರಿದ್ದರೆ ಎಷ್ಟು ಬರ್ತಿತ್ತು ಅಂತ ಕೂತು ಲೆಕ್ಕ ಹಾಕಬೇಡ, ಸಾರಿಗೆ ಹಾಕು.

ಅಮ್ಮ